ಕೆರೆಯ ಬೇಲಿ ಮತ್ತು ನಿನ್ನ ಇಕ್ಕಳ

ಅಪ್ಪಾ,

ಈರಪ್ಪ ಮಾವ ನಿನ್ನ ಇಕ್ಕಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಬ್ಬಿಗೇರಿ ತುಂಬ ತಿರುಗುತ್ತಾನೆ. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಅಕ್ಕನ ಗಂಡ, ನಿನ್ನ ತಂಗಿಯ ಮಗ, ನಿನ್ನ ಕೈಕೆಳಗೆ ಬೇಲಿ ಕಟ್ಟಲು ಕಲಿತವನು, ಎಲ್ಲಾ ಖರೆ. ಆದರೆ ಮಗಳು ನಾನಲ್ಲವೇ? ನಿನ್ನ ದಿವಸದ ಊಟ ಮುಗಿದ ಮೇಲೆ ಅವ್ವ ಇಕ್ಕಳವನ್ನು ಗೂಡಿನಿಂದ ತೆಗೆದು, ಸೆರಗಿನಿಂದ ಒರೆಸಿ, ಅವನ ಕೈಗೆ ಕೊಟ್ಟಳು. "ಗಂಡಸಿನ ಕೈಯಾಗ ಇರಲಿ" ಅಂದಳು. ನನಗೆ ನಿನ್ನ ಹಳೆಯ ಧೋತರ ಬಂತು. ಅದನ್ನು ಹರಿದು ಮಡಿಚಿ ಕೊಡದ ಬಾಯಿಗೆ ಕಟ್ಟಿ ಕೆರೆಯ ನೀರು ಸೋಸುತ್ತೇನೆ. ಪ್ರತಿ ಸಲ ಕಟ್ಟುವಾಗಲೂ ನಿನ್ನ ಇಕ್ಕಳ ನೆನಪಾಗಿ ಹೊಟ್ಟೆಯೊಳಗೆ ಒಲೆ ಹತ್ತುತ್ತದೆ.

ಅವನು ಬೆಳವಣಕಿಯಿಂದ ಮೊದಲು ಬಂದ ದಿನ ನಿನಗೆ ನೆನಪಿದೆಯೇ? ಕೊಟ್ಟಿಗೆಯ ಕಲ್ಲುಕಂಬದ ಮುಂದೆ ಅವನನ್ನು ಕೂರಿಸಿದೆ. ಕಲ್ಲಿಗೆ ಮೊಳೆ ಹೊಡೆಯಲು ಬರುವುದಿಲ್ಲ, ಮುಳ್ಳುತಂತಿಯನ್ನು ಸಣ್ಣ ತಂತಿಯಿಂದ ಕಂಬಕ್ಕೆ ಬಿಗಿಯಬೇಕು, ಅಷ್ಟೇ ನೋಡು ಈ ಕೆಲಸ ಎಂದು ಶುರು ಮಾಡಿದೆ. "ಜಗ್ಗು. ಸುತ್ತು. ತಿರುವು. ಬಿಡು." ಆ "ಬಿಡು" ಯಾಕೆಂದು ಅವನು ಕೇಳಿದಾಗ ನೀನು ಎಷ್ಟು ತಾಳ್ಮೆಯಿಂದ ಹೇಳಿದೆ! "ಎರಿ ಭೂಮಿ ಬ್ಯಾಸಗಿಗೆ ಬಾಯಿ ಬಿಡತೈತಿ, ಮಳಿಗೆ ಉಬ್ಬತೈತಿ. ಕಂಬ ಅಲ್ಲಾಡದ ಇರೂದಿಲ್ಲ. ಮೂಲಿ ಕಂಬಕ್ಕ ಉಸಿರು ಹಿಡದು ಬಿಗಿ. ನಡುವಿನ ಕಂಬಕ್ಕ ತಂತಿ ಸರಿಯೂವಷ್ಟು ಜಾಗಾ ಬಿಡು. ಇಲ್ಲಂದ್ರ ತಂತಿ ಹರೀತೈತಿ, ಇಲ್ಲಾ ಕಂಬ ಕಿತ್ತ ಬರತೈತಿ." ನಾನು ಬೀಸುವ ಕಲ್ಲಿನ ಮುಂದೆ ಕುಳಿತಿದ್ದೆ. ಕಣ್ಣೆಲ್ಲ ನಿಮ್ಮ ಕಡೆ. ಅವ್ವ ಬಂದು ತಲೆಗೆ ಮೊಟಕಿದಳು: "ಹಿಟ್ಟ ಬೀಸತೀಯೋ ರವಾ ಒಡೀತೀಯೋ?"

ನಾನು ಹಾಸಿಗೆಯ ಮಂಚದ ಕಾಲಿಗೆ ಪುಂಡಿನಾರು ಕಟ್ಟಿ ಕಲಿಯುತ್ತಿದ್ದುದನ್ನು ನೀನು ಒಂದು ಮಧ್ಯಾಹ್ನ ಹಿಡಿದುಬಿಟ್ಟೆ. ಎಡಗೈಯಿಂದ ಕಟ್ಟುತ್ತಿದ್ದೆ. ನನ್ನ ಎಡಗೈ ನಿನ್ನಿಂದ ಬಂದದ್ದು. ಊಟಕ್ಕೆ ಎಡಗೈ ಮುಂದೆ ಬಂದರೆ ಅವ್ವ ಸೌಟಿನಿಂದ ಬಾರಿಸುತ್ತಿದ್ದಳು, "ಅಪ್ಪನ ಚಾಳಿ" ಎಂದು ಬೈಯುತ್ತಿದ್ದಳು. ನೀನೂ ಬಲಗೈಯಿಂದಲೇ ಉಂಡೆ, ಬಲಗೈಯಿಂದಲೇ ವಿಭೂತಿ ಹಚ್ಚಿದೆ, ತಂತಿ ಮಾತ್ರ ಎಡಗೈಯಿಂದ ಕಟ್ಟಿದೆ. ಬೇಲಿ ನಿಲ್ಲುತ್ತಿದ್ದುದರಿಂದ ಯಾರೂ ಅಪಶಕುನ ಅನ್ನಲಿಲ್ಲ. ಮಂಚದ ಕಾಲಿನ ಗಂಟನ್ನು ನೀನು ಬೆರಳಿನಿಂದ ಮುಟ್ಟಿ ನೋಡಿದೆ. ಈಗ ಕರೆಯುತ್ತಾನೆ, ಕೊಟ್ಟಿಗೆಗೆ ಬಾ ಅನ್ನುತ್ತಾನೆ ಅಂದುಕೊಂಡೆ. ನೀನು ನಕ್ಕು, "ಎರಡು ಎಡಗೈಯಿಂದ ಬೇಲಿ ಆಗೂದಿಲ್ಲವ್ವಾ" ಅಂದು ಹೊರಟುಹೋದೆ. ಯಾಕೆ ಆಗುವುದಿಲ್ಲ? ಕೇಳಲಿಲ್ಲ. ಸಿಟ್ಟಿಗೆ ನಾರನ್ನೆಲ್ಲ ಒಲೆಗೆ ಹಾಕಿದೆ.

ನೀವಿಬ್ಬರೂ ಕೊಣ್ಣೂರಿಗೆ ಹೋದಿರಲ್ಲ, ಮಲಪ್ರಭೆಯ ದಂಡೆಯ ದೊಡ್ಡ ಹೊಲಕ್ಕೆ ಬೇಲಿ ಹಾಕಲು? ಆ ತಿಂಗಳು ನಾನು ಹೇಗೆ ಕಳೆದೆನೋ. ಅಷ್ಟರಲ್ಲಿ ಅವನು ಅಕ್ಕನ ಗಂಡನಾಗಿದ್ದ, ನಾನು ಅವನಿಗೆ "ರಿ" ಹಚ್ಚಿ ಮಾತಾಡಬೇಕಾಗಿತ್ತು. ಈ ಪತ್ರದಲ್ಲಿ ಹಚ್ಚುವುದಿಲ್ಲ, ಏನು ಮಾಡುತ್ತೀ ಮಾಡು. ಮನೆಯಲ್ಲಿ ಕುಳಿತು ನಿಮ್ಮನ್ನು ಕಣ್ಣಿಗೆ ಕಟ್ಟಿಕೊಳ್ಳುತ್ತಿದ್ದೆ: ಒಂದು ಕಂಬದ ಹತ್ತಿರ ಇಬ್ಬರೂ ನಿಂತು, ಅವನು ತಂತಿ ಹಿಡಿದು, ನೀನು ತಿರುವಿ, ಏನೋ ಹೇಳಿ, ಇಬ್ಬರೂ ನಕ್ಕು... ನನಗೆ ಹೇಳದ ಮಾತುಗಳನ್ನೆಲ್ಲ ಅಲ್ಲಿ ಅವನಿಗೆ ಹೇಳುತ್ತಿದ್ದೀಯೆಂದು ನಂಬಿದ್ದೆ. ತಿರುಗಿ ಬಂದಾಗ ಅವನ ಅಂಗೈಯಲ್ಲಿ ನಿನ್ನವೇ ಗೀರುಗಳು. ಅವಕ್ಕೂ ಹೊಟ್ಟೆಕಿಚ್ಚುಪಟ್ಟೆ, ಅಪ್ಪಾ. ಮನುಷ್ಯರು ಗಾಯಕ್ಕೂ ಹೊಟ್ಟೆಕಿಚ್ಚುಪಡುತ್ತಾರೆಯೇ?

ಗಜೇಂದ್ರಗಡದ ಸಂತೆಯಿಂದ ನೀನೇ ಅಲ್ಲವೇ ನನಗೆ ಆ ಚೋಪಡಿ ಪುಸ್ತಕಗಳನ್ನು ತಂದುಕೊಡುತ್ತಿದ್ದುದು? ತೆಳ್ಳನೆಯ ಕಾಗದ, ಕೈಗೆ ಹತ್ತುವ ಮಸಿ, ಒಂದೊಂದರಲ್ಲೂ ಲೋಕ ತಿದ್ದುವ ಮಾತು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿದ ಹುಡುಗಿಗೆ ಅವೇ ಶಾಲೆ. ಒಂದನ್ನು ಓದಿ ನಿನ್ನ ಮೇಲೆಯೇ ಏರಿ ಬಂದಿದ್ದೆ. "ಭೂಮಿಗ್ಯಾಕ ಬೇಲಿ ಬೇಕಪ್ಪಾ? ಗಾಳಿಗೆ ಹಾಕತಾರೇನು?"

"ಗಾಳಿ ಮೇಯಾಕ ಯಾರ ಎಮ್ಮೀನೂ ಬರೂದಿಲ್ಲ, ಅದಕ್ಕ ಹಾಕೂದಿಲ್ಲ" ಅಂದೆ ನೀನು.

"ನೀ ಕಟ್ಟೂದೆಲ್ಲ ಇದ್ದವರ ಹೊಲಕ್ಕ. ಎಲ್ಲಾರಿಗೂ ಬೇಕಾದ್ದಕ್ಕ ಒಂದರ ಕಟ್ಟಿಯೇನು? ನಮ್ಮ ಕೆರಿಗೆ ಕಟ್ಟಿಯೇನು?"

ನೀನು ನಗಲಿಲ್ಲ. ಆಗ ನಿನ್ನ ಕಾಲಿಗೆ ನಾರುಹುಣ್ಣು. ಹುಣ್ಣಿನಿಂದ ಹೊರಬರುತ್ತಿದ್ದ ಹುಳವನ್ನು ಕಡ್ಡಿಗೆ ಸುತ್ತುತ್ತ ಕುಳಿತಿದ್ದೆ, ಹರಿಯದ ಹಾಗೆ, ತಂತಿ ಸುತ್ತುವಷ್ಟೇ ಸಾವಕಾಶವಾಗಿ. ಹುಣ್ಣಿನ ಕಾಲನ್ನು ಕೆರೆಗೆ ಇಳಿಸಿದರೆ ರೋಗ ನೀರಿಗೆ, ಆ ನೀರು ಕುಡಿದರೆ ಮತ್ತೆ ನಮ್ಮ ಮೈಗೆ ಎಂದು ಚೋಪಡಿಯಲ್ಲಿದ್ದುದನ್ನು ನಾನು ಓದಿ ಹೇಳಿದೆ. ಯಾರೂ ಇಳಿಯದ ಹಾಗೆ ಸುತ್ತ ಬೇಲಿ, ಮೇಲಿಂದ ಸೇದಲು ಒಂದು ಕಟ್ಟೆ, ಅಷ್ಟೇ ಬೇಕು. ಕಡ್ಡಿಯನ್ನು ಕಾಲಿಗೆ ಕಟ್ಟಿ ನೀನು ಅಂದೆ: "ಊರನ್ನ ಒಪ್ಪಸು. ಕಟ್ಟಾಕ ನಾ ಬರತೀನಿ." ಅಂದೆಯೋ ಇಲ್ಲವೋ? ನನಗೆ ಅಂದೆ. ಅವನಿಗಲ್ಲ.

ಪಂಚಾಯಿತಿಯ ಹಿರಿಯ ಮಲ್ಲಪ್ಪಜ್ಜನ ಮುಂದೆ ನಾನು ಮೊದಲ ಸಲ ನಿಂತಾಗ ನೀನಿನ್ನೂ ಇದ್ದೆ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕಿದ್ದರು. "ಕೆರಿಗೆ ಬೇಲಿ ಹಾಕಿದರ ಕಪ್ಪಿ ಎಲ್ಲಿಂದ ಹಾಯಬೇಕವಾ?" ಎಂದು ಅಜ್ಜ ಕೇಳಿದ್ದ. ಕೊನೆಗೆ ಒಪ್ಪಿಸಿದೆ. ಅಜ್ಜನ ಮೊಮ್ಮಗನ ಮೊಣಕಾಲಿಗೆ ಹುಣ್ಣಾದ ಮೇಲೆ ಕಪ್ಪೆಯ ಚಿಂತೆ ತಾನಾಗಿ ಹೋಯಿತು. ಸೇದುವ ಕಟ್ಟೆ ಒಂದೇ ಇರಬೇಕು, ಓಣಿಗೊಂದಲ್ಲ ಎಂದು ಆಡಿದ ಜಗಳವನ್ನೂ ಗೆದ್ದೆ. ಆದರೆ ಅಷ್ಟರಲ್ಲಿ ನೀನು ಜ್ವರ ಬಂದು ಮಲಗಿದವನು ಏಳಲಿಲ್ಲ. ಗಜೇಂದ್ರಗಡದ ಗುಡ್ಡದಿಂದ ಚಕ್ಕಡಿಯ ಮೇಲೆ ಕಲ್ಲುಕಂಬ ಬಂದವು, ತಂತಿಯ ಸುರುಳಿ ಬಂತು. ಮತ್ತೆ ಎಲ್ಲರೂ ಒಂದೇ ಬಾಯಿಯಿಂದ ಅಂದರು: "ಈರಪ್ಪ ಅದಾನಲ್ಲ, ಮಾವನ ಕೈ ಅವಗ ಬಂದೈತಿ." ಹೋರಾಟ ನನ್ನದು, ಕೈ ಅವನದು! ನಾನೂ ಕಟ್ಟುತ್ತೇನೆ ಅಂದರೆ ಅವ್ವ, "ಹೆಣ್ಣು ಇಕ್ಕಳ ಹಿಡದು ಊರ ಮುಂದ ನಿಂದರತಾಳೇನು? ಮಂದಿ ನಗತಾರ" ಅಂದಳು. ನಗಲಿ. ಕೆರೆಗೆ ಬೇಲಿ ಅಂದಾಗಲೂ ನಕ್ಕಿದ್ದರಲ್ಲ.

ಮೂಲೆಯ ಕಂಬಕ್ಕೆ ಪೂಜೆ ಮಾಡಿದ ಮುಂಜಾನೆ ನಾನು ಜಗಳ ತೆಗೆಯಬೇಕೆಂದೇ ಹೋಗಿದ್ದೆ. ಅಕ್ಕ ಅರಿಶಿನ ಕುಂಕುಮ ಹಚ್ಚಿದಳು. ಅವ್ವ ದೂರ ನಿಂತಿದ್ದಳು, ಈಗ ಅವಳು ಹಚ್ಚುವ ಹಾಗಿಲ್ಲವಂತೆ. ಅದಕ್ಕೂ ನನ್ನ ತಲೆ ಕಾದಿತ್ತು. ಹಿಂದಿನ ದಿನವೇ ಆಳುಗಳು ಹಾರೆ ಕೊಟ್ಟು ತಂತಿ ಜಗ್ಗಿ ಕೆರೆಯ ಸುತ್ತ ಎಳೆದಿದ್ದರು. ಇನ್ನು ಕಂಬಕಂಬಕ್ಕೂ ಬಿಗಿಯುವುದೇ ಉಳಿದದ್ದು. ಈರಪ್ಪ ಮೂಲೆಯ ಗಂಟು ಹಾಕಿ ಬಲಕ್ಕೆ ಸರಿದ. ರೋಣದಿಂದ ಬಂದ ಆಳು ಅಡಿವೆಪ್ಪನಿಗೆ ಎಡಗಡೆಯಿಂದ ಕಟ್ಟುತ್ತ ಹೋಗು ಅಂದ. ಅಡಿವೆಪ್ಪ ಎರಡು ಕಂಬ ಕಟ್ಟುವಷ್ಟರಲ್ಲಿ ಮೊಣಕೈ ಗೀರಿಕೊಂಡು ಇಕ್ಕಳ ಎಸೆದ. "ಈ ಕಡಿಂದ ಕೈ ತಿರಗೂದಿಲ್ಲೋ ಮಾರಾಯಾ! ಇಲ್ಲಿ ಎಡಚ ಬೇಕು, ಎಡಚ!"

ಈರಪ್ಪ ತಿರುಗಿ ಬಂದ. ಆಮೇಲೆ ನನ್ನ ಕಡೆ ನೋಡದೆ, "ಆ ಕಡೆ ನಿಮ್ಮಪ್ಪ ಹೋಗತಿದ್ದ" ಅಂದ.

"ಮತ್ತ ನೀವು?"

"ನಾ ಈ ಕಡೆ. ನೀರಿಗೆ ಮಾರಿ ಮಾಡಿ ನಿಂತರ ಬಲಗೈ ಬಲಕ್ಕ ಹೋಗತೈತಿ, ಎಡಗೈ ಎಡಕ್ಕ. ಅದಕ್ಕ ಅಲ್ಲೇನು ನಿಮ್ಮಪ್ಪ ನನ್ನ ಕರಕೊಂಡಿದ್ದು? ಇಬ್ಬರೂ ಒಂದ ಕಡೆ ಹೊಂಟರ ಬೇಲಿ ಯಾವಾಗ ಮುಗೀಬೇಕು? ಮುಂಜಾನೆ ಒಂದ ಕಂಬಕ್ಕ ನಿಂತು ಬೆನ್ನ ತಿರುಗಿಸಿದ್ವಿ ಅಂದ್ರ ಸಂಜೀಗೇ ಮಾರಿ ನೋಡೂದು."

"ಕೊಣ್ಣೂರಾಗ?"

"ಕೊಣ್ಣೂರಾಗೂ ಹಂಗ."

"ನಕ್ಕೋತ ಮಾತಾಡಕೋತ ಕಟ್ಟತಿದ್ರಿ ಅಂತ ನಾ..."

"ಯಾರ ಜೋಡಿ ನಗಲಿ? ಕಂಬದ ಜೋಡಿ?" ಅವನಿಗೆ ಸಿಟ್ಟೇ ಬಂತು. "ಸಂಜಿಗೆ ದಣದು ಉಂಡು ಮಲಗತಿದ್ದ. ಮನಿಗೆ ಬಂದ್ರ ನೀ ಇರತಿದ್ದಿ, ಚೋಪಡಿ ಹಿಡಕೊಂಡು. ಆಗ ಬಾಯಿ ಬರತಿತ್ತು ಅವಗ. ಅಪ್ಪಾ ಇದ್ಯಾಕ, ಅಪ್ಪಾ ಅದ್ಯಾಕ! ನಾ ಮೂಲ್ಯಾಗ ಕುಂತು ಕೇಳಕೋತ ಇರತಿದ್ದೆ. ನನಗೆಲ್ಲಿ ಸಿಗತಿದ್ದ ಅಂವ?"

ಅಪ್ಪಾ, ಆ ಗಳಿಗೆಯಲ್ಲಿ ನನಗೆ ಎಷ್ಟು ಸಂತೋಷವಾಯಿತು ಗೊತ್ತೇ? ಅವನ ಹೊಟ್ಟೆಯಲ್ಲೂ ಒಲೆ ಉರಿದಿತ್ತು. ಅದೂ ನನ್ನಿಂದ! ಇಷ್ಟು ವರ್ಷ ನಾನು ಅಸೂಯೆಪಟ್ಟದ್ದು ಹೊಲದ ಎರಡು ಅಂಚಿನಲ್ಲಿ ಬೆನ್ನು ಮಾಡಿ ನಡೆಯುವ ಇಬ್ಬರು ಗಂಡಸರ ಮೇಲೆ. ಎರಡು ಎಡಗೈಯಿಂದ ಬೇಲಿ ಆಗುವುದಿಲ್ಲ ಎಂದರೆ ಇಷ್ಟೇನೇ? ಬಾಯಿಬಿಟ್ಟು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

"ಕೊಡ್ರಿ ಇಲ್ಲಿ" ಎಂದು ಕೈ ಚಾಚಿದೆ, ಎಡಗೈಯನ್ನೇ. ಅವನು ತನ್ನ ಹೊಸ ಇಕ್ಕಳ ಕೊಟ್ಟ. "ಇದಲ್ಲ. ಅಪ್ಪಂದು" ಅಂದೆ.

"ಅದು ನಂದು. ಅತ್ತಿ ಕೊಟ್ಟಾಳ."

"ಅವ್ವ ಕೊಟ್ಟಾಳ, ಅಪ್ಪ ಕೊಟ್ಟಿಲ್ಲ."

ಅಕ್ಕ ನಡುವೆ ಬಂದಳು. "ಊರೆಲ್ಲಾ ನೋಡಾಕತ್ತೈತಿ, ನಿಮಗ ನಾಚಿಕಿ ಐತೇನು? ಆಚಿ ದಂಡಿ ಕಡೀ ಕಂಬ ಯಾರು ಮೊದಲ ಮುಟ್ಟತೀರಿ, ಇಕ್ಕಳ ಅವರದು. ಹೋಗ್ರಿ!"

ಅವನ ಹೊಸ ಇಕ್ಕಳವನ್ನೇ ಹಿಡಿದು ಎಡಕ್ಕೆ ಹೊರಟೆ. ನನ್ನ ಮೊದಲ ಕಂಬ. ಜಗ್ಗು, ಸುತ್ತು, ತಿರುವು. ಎರಡನೆಯದರಲ್ಲಿ ನೆನಪಾಯಿತು: ಬಿಡು. ಹಿಂದೆ ಬಂದು ಮೊದಲನೆಯದನ್ನು ಸಡಿಲಿಸಿದೆ. ದಂಡೆಯ ಮೇಲೆ ಹೆಂಗಸರು ಕೊಡ ಇಟ್ಟುಕೊಂಡು ನೋಡುತ್ತಿದ್ದರು. ಒಬ್ಬಳು, "ಅಪ್ಪನ ಹಂಗ ನಾಲಿಗಿ ಕಚ್ಚಕೊಂಡು ಕಟ್ಟತಾಳ ನೋಡ" ಅಂದಳು. ಅವ್ವ ನಗಲಿಲ್ಲ, ಸೆರಗು ಮುಖಕ್ಕೆ ಎಳೆದುಕೊಂಡಳು. ಮಧ್ಯಾಹ್ನ ನೀರಿನಾಚೆಯ ದಂಡೆಯಲ್ಲಿ ಈರಪ್ಪ ಬೆಳ್ಳಕ್ಕಿಯಷ್ಟು ಸಣ್ಣಗೆ ಕಂಡ. ಮಾತಾಡಿದರೆ ಕೇಳುವಷ್ಟು ದೂರವಲ್ಲ. ನೀನು ಹೀಗೆಯೇ ಅವನನ್ನು ನೋಡುತ್ತಿದ್ದೆಯೇ? ಆಮೇಲೆ ನೋಡಿದರೆ ಅವನು ನನಗಿಂತ ಎಷ್ಟೋ ಮುಂದೆ. ಊಟಕ್ಕೆ ಅಕ್ಕ ಕರೆದಳು, ಹೋಗಲಿಲ್ಲ. ಕಟ್ಟಿದೆ, ಕಟ್ಟಿದೆ. ಬೆರಳು ಹರಿದವು. ಅಂಗೈಯಲ್ಲಿ ಗೀರು ಬಿದ್ದವು ಅಪ್ಪಾ, ನನಗೂ ಬಿದ್ದವು.

ಹೊತ್ತು ಇಳಿಯುವಾಗ ಅವನು ಕಡೆಯ ಕಂಬದ ಬುಡದಲ್ಲಿ ಕುಳಿತಿದ್ದ. ಸೋತಿದ್ದೆ. ಅವನನ್ನು ಬೈಯಬೇಕೆಂದು ಬಾಯಿ ತೆರೆದೆ.

"ನಿಮ್ಮಪ್ಪ ಯಾವಾಗಲೂ ಹಿಂಗ ಕುಂತಿರತಿದ್ದ" ಅಂದ ಅವನು. "ಒಂದ ಸಲನೂ ನಾ ಮೊದಲ ಮುಟ್ಟಿಲ್ಲ. ಇಲ್ಲಿ ಕುಂತರ ಹ್ಯಾಂಗ ಕಾಣತೈತಿ ಅಂತ ಇವತ್ತ ಗೊತ್ತಾತು."

"ಹ್ಯಾಂಗ ಕಾಣತೈತಿ?"

"ಬರಾವ್ರು ಭಾಳ ಸಾವಕಾಶ ಬರತಾರ."

ನಗು ಬಂತು, ತಡೆದುಕೊಂಡೆ. ಅವನು ಎದ್ದು ಕಂಬವನ್ನು ತಟ್ಟಿದ. "ಕಡೀ ಗಂಟು ಬಿಟ್ಟೀನಿ. ಅಂವ ನನಗ ಬಿಡತಿದ್ದ. ಕಟ್ಟು."

ಏನು ಹೇಳಿದ ಕೇಳಿದೆಯಾ? ಇಲ್ಲಿಂದ ಕೊಣ್ಣೂರಿನವರೆಗೆ ನೀವು ಕಟ್ಟಿದ ಒಂದೊಂದು ಬೇಲಿಯ ಕಡೆಯ ಗಂಟೂ ಅವನದಂತೆ! ಮೊದಲು ಮುಟ್ಟಿಯೂ ನೀನು ಕಟ್ಟದೆ, ಅವನಿಗೆಂದು ಬಿಟ್ಟು, ದಾರಿ ನೋಡುತ್ತ ಕುಳಿತಿರುತ್ತಿದ್ದೆಯಂತೆ. ಆರಿದ ಒಲೆ ಮತ್ತೆ ಹತ್ತಿತು. ಆ ಉರಿಯಲ್ಲೇ ಗಂಟು ಹಾಕಿದೆ. ಅವನು ತಂತಿಯನ್ನು ಹಿಡಿದು ಆಚೀಚೆ ಎಳೆದು ನೋಡಿದ. "ಸರೀತೈತಿ" ಅಂದ. ಅಷ್ಟೇ. ನಿನ್ನ ಇಕ್ಕಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಮೊದಲ ಮುಟ್ಟಿದಾಂವ ನಾ" ಎಂದು ನಡೆದುಬಿಟ್ಟ.

ನಿನಗೆ ತಿಳಿಯದ ಸುದ್ದಿ ಇನ್ನೂ ಇದೆ. ನಾವೀಗ ಮುಂಬಯಿ ಸರಕಾರದವರಲ್ಲ, ಮೈಸೂರಿನವರು. ಎಮ್ಮೆಗಳಿಗೆ ಅದರ ಚಿಂತೆಯಿಲ್ಲ, ಬೇಲಿಯ ಹೊರಗೆ ಕಲ್ಲಿನ ತೊಟ್ಟಿಯಲ್ಲಿ ಕುಡಿದು, ಕೆರೆಯ ಕಡೆ ನೋಡಿ ಒದರುತ್ತವೆ. ಬೇಸಿಗೆ ಬಂದು ಎರೆ ಭೂಮಿ ಬಾಯಿ ಬಿಟ್ಟಿತು, ಕಂಬ ಅಲ್ಲಾಡಿದವು, ನನ್ನ ಕಡೆಯ ತಂತಿ ಒಂದೂ ಹರಿದಿಲ್ಲ. ಬೆಳವಣಕಿಯ ಶಾಲೆಗೆ ಬೇಲಿ ಹಾಕಲು ನಮ್ಮಿಬ್ಬರನ್ನೂ ಕರೆದಿದ್ದಾರೆ, "ಈರಪ್ಪ ಮತ್ತ ನೀಲವ್ವ" ಎಂದು ಹೆಸರು ಹಿಡಿದೇ ಕರೆದಿದ್ದಾರೆ. ನಾನು ದಿನವೂ ಕೊಟ್ಟಿಗೆಯ ಕಂಬಕ್ಕೆ ಕಟ್ಟಿ ಬಿಚ್ಚುತ್ತಿದ್ದೇನೆ. ಹಿಟ್ಟು ಬೀಸುವವಳು ಈಗ ಅವ್ವ.

ಬೆಳವಣಕಿಯಲ್ಲಿ ಕಡೆಯ ಕಂಬವನ್ನು ಮೊದಲು ಮುಟ್ಟುವವಳು ನಾನು. ಇಕ್ಕಳ ಗೆದ್ದು, ನಿನ್ನ ಹಾಗೆಯೇ ಅದರ ಬುಡದಲ್ಲಿ ಕುಳಿತು, ಅವನು ಬರುವುದನ್ನು ನೋಡುತ್ತೇನೆ. ಆದರೆ ಕಡೆಯ ಗಂಟನ್ನು ಅವನಿಗೆ ಬಿಡುವುದಿಲ್ಲ, ಅಪ್ಪಾ. ನೀನು ಬಿಟ್ಟದ್ದು ಸಾಕು.

ನಿನ್ನ ಎಡಗೈಯ ಮಗಳು,
ನೀಲಿ