ಹಕೊದಾತೆಯ ಒಂದು ದೀಪ

ಅಕ್ಟೋಬರ್ ೧೨, ಭಾನುವಾರ. ಕ್ಲಿಯರ್ ಲೇಕ್.

ಜಪಾನಿಗೆ ಟಿಕೆಟ್ ಬುಕ್ ಮಾಡಿಯೇಬಿಟ್ಟೆ. ಎಂಬತ್ತೆರಡರ ಅಪ್ಪನಿಗೆ ಪ್ರಯಾಣ ಬೇಡ ಎಂದಿದ್ದ ಡಾಕ್ಟರ್ ಬೈದರೆ ಬೈಯಲಿ.

ಸರಕು ಹಡಗಿನಲ್ಲಿ ಇಂಜಿನಿಯರಾಗಿದ್ದ ಅಪ್ಪ ನನ್ನ ಬಾಲ್ಯವಿಡೀ ವರ್ಣಿಸಿದ ಊರು ಹಕೊದಾತೆ. ಹೊರನಾಡಿನ ವ್ಯಾಪಾರಕ್ಕೆ ಜಪಾನ್ ಮೊದಮೊದಲು ತೆರೆದ ಬಂದರುಗಳಲ್ಲೊಂದು. ಸಮುದ್ರದತ್ತ ಇಳಿಯುವ ಬೀದಿಗಳು, ಕೆಂಪು ಇಟ್ಟಿಗೆಯ ಗೋದಾಮುಗಳು. ಎಷ್ಟೋ ಸಲ ಬೆಂಕಿಗೆ ಸುಟ್ಟು ಮತ್ತೆ ಎದ್ದ ಊರು. ಎಲ್ಲವೂ ನನಗೆ ಬಾಯಿಪಾಠ.

ಸಂಜೆ ಫೋನಿನಲ್ಲಿ ಆ ಬೀದಿಗಳ ಚಿತ್ರ ತೋರಿಸಿ, "ಇಲ್ಲೇ ತಾನೇ ಅಪ್ಪಾ ನೀವು ಓಡಾಡಿದ್ದು?" ಎಂದೆ.

ಅಪ್ಪ ಫೋನನ್ನು ಹತ್ತಿರ ಹಿಡಿದು ನೋಡಿದರು. "ನಾನು ಅಲ್ಲಿ ಹಡಗಿಂದ ಇಳಿದೇ ಇಲ್ಲ ಕಣೇ ಸುಚೇತಾ. ಬಂದರಲ್ಲಿದ್ರೂ ಇಂಜಿನ್ ಹತ್ರ ಒಬ್ರು ಇರ್ಲೇಬೇಕು. ಆಗಿನ್ನೂ ನೀನು ಹುಟ್ಟಿರ್ಲಿಲ್ಲ. ಮಕ್ಕಳಿದ್ದೋರು ಬೊಂಬೆ ತರೋಕೆ ಹೋಗ್ಲಿ ಅಂತ ನಾನೇ ಉಳೀತಿದ್ದೆ. ನಿಂಗೆ ಹೇಳಿದ್ದೆಲ್ಲ ಅವರು ವಾಪಸ್ ಬಂದು ನಂಗೆ ಹೇಳಿದ್ದು."

ನಾನು ಮುಂದಿನ ಚಿತ್ರ ತೋರಿಸಿದೆ: ಊರಿನ ಗುಡ್ಡದ ಮೇಲಿಂದ ಕಾಣುವ ರಾತ್ರಿಯ ದೀಪಗಳು. ಅದನ್ನು ನೋಡಲೆಂದೇ ಜನ ಅಲ್ಲಿಗೆ ಹೋಗುತ್ತಾರೆ. ಅಪ್ಪ ಬೆರಳಿಟ್ಟದ್ದು ದೀಪಗಳ ಮೇಲಲ್ಲ, ಪಕ್ಕದ ಬಂದರಿನ ಕಪ್ಪು ನೀರಿನ ಮೇಲೆ.

"ಆವತ್ತು ಗುಡ್ಡದ ಮೇಲಿದ್ದೋರಿಗೆ ಇಲ್ಲೊಂದು ದೀಪ ಕಂಡಿರುತ್ತೆ. ಅದು ನಾನು."