ಒಂಬತ್ತನೇ ಅಳತೆಯ ಕೊನೆಯ ಪುಟ

1957 ಮಾರ್ಚ್ 4, ಹೇವ್ರಿಲ್

ಯಾವ ನ್ಯಾಯಾಧೀಶರೂ ಕೇಳದಿದ್ದರೂ ಒಪ್ಪಿಕೊಳ್ಳುತ್ತೇನೆ: ನಾನು ಕಳ್ಳ. ಎರಡು ವರ್ಷದಿಂದ ಶೂ ಕಾರ್ಖಾನೆಯ ಕಾಗದ ಕದಿಯುತ್ತಿದ್ದೇನೆ. ಶೂಗಳ ಮೂತಿ ಕುಸಿಯದಂತೆ ಒಳಗೆ ತುರುಕುವ ಬಿಳಿ ಹಾಳೆ. ಪಾದದ ಜಾಗಕ್ಕೆಂದು ಕೊಟ್ಟದ್ದನ್ನು ಪದಕ್ಕೆ ಬಳಸಿದೆ — ಒಂದು ದೀರ್ಘ ಕಳೆದದ್ದಷ್ಟೇ ಅಪರಾಧ. ಊಟದ ಬಿಡುವು ಅರ್ಧ ಗಂಟೆ. ಸ್ಯಾಂಡ್‌ವಿಚ್‌ಗೆ ಐದು ನಿಮಿಷ, ಕಥೆಗೆ ಇಪ್ಪತ್ತೈದು.

ಮಾರ್ಚ್ 11

ಇಪ್ಪತ್ಮೂರು ಸಲ ಕಥೆಗಳು ಮನೆ ದಾರಿ ಮರೆಯದೆ ವಾಪಸು ಬಂದಿವೆ. ಇವತ್ತು ಕಥೆಯ ಬದಲು ಪತ್ರ! ಬಾಸ್ಟನ್ ಪತ್ರಿಕೆಯ ಸಂಪಾದಕರದು. ಊರು ಬಿಟ್ಟು ಹೊರಡುವ ವಿಧವೆಯ ಕಥೆ ಹಿಡಿಸಿದೆಯಂತೆ, ಕೊನೆಯ ಪುಟ ಸಪ್ಪೆಯಂತೆ. ಹೊಸದು ತಿಂಗಳೊಳಗೆ ತಲುಪಿದರೆ ಅಚ್ಚಿಗೆ, ಇಲ್ಲದಿದ್ದರೆ ಇಲ್ಲ.

ಬರೆದೇ ಬರೆಯುತ್ತೇನೆ.

ಮಾರ್ಚ್ 27

ಮಧ್ಯಾಹ್ನ ಕೊನೆಯ ಪುಟ ಮುಗಿಯಿತು. ಗಂಟೆ ಹೊಡೆಯಿತು. ಜೋಡಿಗಿಷ್ಟು ಎಂದು ಕೂಲಿ — ಕೈ ಓಡುತ್ತದೆ, ಕಣ್ಣು ನೋಡುವುದಿಲ್ಲ. ನಾಲ್ಕಕ್ಕೆ ಹುಡುಕಿದೆ. ಪುಟ ಇಲ್ಲ. ನಾನೇ, ಈ ಕೈಯಾರೆ, ಅದನ್ನು ಉಂಡೆ ಕಟ್ಟಿ ಒಂಬತ್ತನೇ ಅಳತೆಯ ಹೆಂಗಸರ ಶೂ ಒಳಗೆ ತುರುಕಿದ್ದೇನೆ. ಲಾರಿ ಆಗಲೇ ಒಹಾಯೋ ದಾರಿ ಹಿಡಿದಿದೆ.

ಮಾರ್ಚ್ 28

ನಾಲ್ಕು ಸಲ ಬರೆದೆ. ನಾಲ್ಕೂ ಸತ್ತವು. ಬೆಂಚಿನ ಆಚೆ ಬದಿ ಒಡಿಲ್ — ಮೂವತ್ತು ವರ್ಷದಿಂದ ಪ್ಯಾಕ್ ಮಾಡುವವಳು — ಕೈ ನಿಲ್ಲಿಸದೆ ಕೇಳಿದಳು:

“ಏನೋ ಲಿಯೋ, ಮುಖ ಹರಳೆಣ್ಣೆ ಕುಡಿದಂಗಿದೆ? ಆ ಪುಟ ತಾನೇ? ಬರ್ಕೋ, ಹೇಳ್ತೀನಿ.”

“ನಿನಗೆ ಹೇಗೆ ಗೊತ್ತು?”

“ಎದುರಿಗೆ ಕೂತು ಎರಡು ವರ್ಷದಿಂದ ತಲೆಕೆಳಗಾಗಿ ಓದ್ತಿದೀನಲ್ಲ. ಈಗ ನೆಟ್ಟಗೆ ಕೊಟ್ರೇ ಕಷ್ಟ.”

ಹೇಳಿದಳು. ಬರೆದುಕೊಂಡೆ. ವಿಧವೆ ಬಸ್ ನಿಲ್ದಾಣಕ್ಕೆ ಬಂದಳು, ನಿಂತಳು, ತಿರುಗಿದಳು...

“ತಡಿ, ತಡಿ. ನನ್ನವಳು ಬಸ್ ಹತ್ತಿದ್ದಳು.”

“ಹತ್ತಿದ್ಲು. ತಪ್ಪು. ಒಲೆ ಮೇಲೆ ಸೂಪ್ ಇಟ್ಟು ಬಂದೋಳು ಹತ್ತಲ್ಲ ಕಣೋ. ನಿಂಗೇನ್ ಗೊತ್ತು, ನೀನು ಒಲೆ ಹಚ್ಚಿದೋನಾ? ಅವಳು ಮನೆಗೆ ಹೋಗಿ ಒಲೆ ಆರಿಸ್ತಾಳೆ. ಅದೇ ಸೂಪ್‌ಗೆ ಎರಡು ತಟ್ಟೆ ಇಡ್ತಾಳೆ. ಅಷ್ಟೇ.”

ಜಗಳವಾಡಿದೆ. ಸಂಜೆ ಅಂಚೆಗೆ ಹಾಕಿದೆ.

ಜೂನ್ 3

ಒಪ್ಪಿದ್ದಾರೆ! ಕಥೆ ಶರತ್ಕಾಲದ ಸಂಚಿಕೆಯಲ್ಲಿ. “ಆ ಎರಡು ತಟ್ಟೆಗಳನ್ನು ಮರೆಯಲಾಗದು” — ಸಂಪಾದಕರ ಮಾತು. ಪ್ಯಾಕಿಂಗ್ ಕೋಣೆಯಲ್ಲಿ ಪೆಟ್ಟಿಗೆ ಹತ್ತಿ ನಿಂತು ಪತ್ರ ಓದಿದೆ. ಭಾಷಣವೂ ಆಯಿತು: ಈ ಕಥೆಯಲ್ಲಿ ಪರರ ಒಂದಕ್ಷರವಿಲ್ಲ, ಯಾರ ಸಹಾಯವೂ ಇಲ್ಲದೆ, ಸ್ವಂತ ಬೆವರಿನಲ್ಲಿ... ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಒಡಿಲ್.

ಜೂನ್ 4

ಬೆಳಿಗ್ಗೆಯಿಂದ ಅವಳ ಕಡೆ ನೋಡಲಾಗಿಲ್ಲ. ಊಟದ ಬಿಡುವು ಆರಂಭವಾಗಿದೆ. ಇವತ್ತು ಹೇಳಲೇಬೇಕು, ಅದೇ ಪೆಟ್ಟಿಗೆ ಹತ್ತಿ, ಎಲ್ಲರೆದುರು. ಮೊದಲು ಇಲ್ಲಿ ಬರೆದು ಅಭ್ಯಾಸ: ಕೊನೆಯ ಪುಟದಲ್ಲಿ ನನ್ನವು ಬರೀ ಅಲ್ಪವಿರಾಮಗಳು. ಒಟ್ಟು ಏಳು. ಅದರಲ್ಲಿ ಐದನ್ನು ಸಂಪಾದಕರು ಪತ್ರದ ಜೊತೆ ಕಳಿಸಿದ ಪ್ರತಿಯಲ್ಲಿ ಹೊಡೆದುಹಾಕಿದ್ದಾರೆ. ಉಳಿದ ಎರಡೂ, ನಿಜ ಹೇಳಬೇಕೆಂದರೆ, ಅವಳು ಹೇಳುತ್ತಾ ಉಸಿರು ತೆಗೆದುಕೊಂಡ ಕಡೆ ಹಾಕಿದವು.