ಕುತ್ತಿಗೆಗೊಂದು ಆಸರೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಾನೇ, ನಿನ್ನ ಬಾಲ. ಫೋನಿನಲ್ಲಿ ‘ಅಮ್ಮ’ ಅನ್ನುವಷ್ಟರಲ್ಲಿ ನೀನು ಕಟ್ ಮಾಡುತ್ತೀಯ. ಕಾಗದವನ್ನಾದರೆ ಮೂಗು ಮುರಿಯುತ್ತಲೇ ಪೂರ್ತಿ ಓದುತ್ತೀಯೆಂದು ಬರೆಯುತ್ತಿದ್ದೇನೆ.

ಅಮ್ಮನಿಗೆ ಲಕ್ವ ಹೊಡೆದಿದೆ. ಬಲಭಾಗ ಸ್ವಾಧೀನದಲ್ಲಿಲ್ಲ, ಮಾತು ನಿಂತಿದೆ, ಕುತ್ತಿಗೆಗೆ ತಲೆ ಹೊರುವ ಶಕ್ತಿಯಿಲ್ಲ. ಕುರ್ಚಿಯಲ್ಲಿ ಕೂರಿಸಿದರೆ ತಲೆ ಎದೆಯ ಮೇಲೆ ಬೀಳುತ್ತದೆ. ಇಡೀ ಬೀದಿಯನ್ನು ಗದರಿಸಿಕೊಂಡು ತಲೆಯೆತ್ತಿ ಓಡಾಡಿದವಳು. ನೋಡಲಾಗುವುದಿಲ್ಲ ಅಕ್ಕ.

ನನ್ನ ಕೆಲಸ ನಿನಗೆ ಗೊತ್ತಲ್ಲ, ಮ್ಯೂಸಿಯಮ್ಮಿಗೆ ಬರುವ ಒಡೆದ ಶಿಲ್ಪಗಳಿಗೆ ಆಸರೆ ಮಾಡಿ, ಬೀಳದ ಹಾಗೆ ನಿಲ್ಲಿಸುವುದು. ಈಗ ಕೈಯಲ್ಲಿರುವುದು ಒಬ್ಬ ಹೆಂಗಸಿನ ಕಲ್ಲಿನ ತಲೆ. ಸಾವಿರಾರು ವರ್ಷದ ಹಿಂದೆ ಯಾರೋ ಅವಳನ್ನು ಎದುರಿಗೇ ಕೂರಿಸಿಕೊಂಡು ಕೆತ್ತಿರಬೇಕು. ಒಂದು ಹುಬ್ಬು ಮೇಲೆ, ಗಲ್ಲದ ಕೆಳಗೆ ಇನ್ನೊಂದು ಗಲ್ಲ, ‘ಬೇಗ ಮುಗ್ಸಪ್ಪ’ ಅನ್ನುವಂಥ ಬಾಯಿ. ಕುತ್ತಿಗೆ ಮುರಿದುಹೋಗಿರುವುದರಿಂದ ಅವಳು ಯಾವ ಕಡೆ ನೋಡುತ್ತಿದ್ದಳೋ ಯಾರಿಗೂ ಗೊತ್ತಿಲ್ಲ. ನಾನು ಹೇಗೆ ತಿರುಗಿಸಿ ನಿಲ್ಲಿಸುತ್ತೇನೋ ಅದನ್ನೇ ಜನ ನಂಬುತ್ತಾರೆ. ಸ್ವಲ್ಪ ಬಗ್ಗಿಸಿದರೆ ಅಳುಮುಖ, ಸ್ವಲ್ಪ ಎತ್ತಿದರೆ ಜಂಬ.

ಆಸ್ಪತ್ರೆಯವರು ಕೊಟ್ಟ ಕುತ್ತಿಗೆ ಪಟ್ಟಿ ಅಮ್ಮನ ಗಲ್ಲವನ್ನು ಉಜ್ಜಿ ಗಾಯ ಮಾಡಿತು. ಇಷ್ಟು ಕಲ್ಲು ನಿಲ್ಲಿಸಿದವಳಿಗೆ ಅಮ್ಮನ ತಲೆ ಯಾವ ಲೆಕ್ಕ ಅಂದುಕೊಂಡೆ. ಹಿತ್ತಾಳೆ ಸರಳು ಬಗ್ಗಿಸಿ ದವಡೆಯ ಅಳತೆಗೆ ತಿದ್ದಿದೆ, ತಾಗುವಲ್ಲೆಲ್ಲ ಮೆತ್ತನೆಯ ಬಟ್ಟೆ ಅಂಟಿಸಿದೆ. ತೊಡಿಸಿದರೆ ತಲೆ ಕೂದಲೆಳೆಯಷ್ಟೂ ಅಲುಗಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗಿದೆ. ಆಮೇಲೆ ಒಂದು ಚಮಚ ಹಾಲು ಕುಡಿಸಲು ಹೋದೆ. ಅವಳಿಗೆ ನುಂಗಲಾಗಲಿಲ್ಲ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು, ಎಡಗೈಯಿಂದ ಆ ಆಸರೆಯನ್ನು ಕಿತ್ತೆಸೆದಳು. ನುಂಗುವಾಗ ಗಂಟಲು ಏರಿಳಿಯುತ್ತದೆ, ಗಲ್ಲ ಅಲುಗುತ್ತದೆ. ಕಲ್ಲು ನುಂಗುವುದಿಲ್ಲವಲ್ಲ, ನನಗದು ಹೊಳೆದೇ ಇರಲಿಲ್ಲ.

ಈಗ ನನ್ನ ಅಂಗೈಯೇ ಆಸರೆ. ಅವಳು ನುಂಗಿದಾಗ ಅದೂ ಏರುತ್ತದೆ, ಅದೂ ಇಳಿಯುತ್ತದೆ. ಆದರೆ ಕೈ ಸೋಲುತ್ತದೆ, ಕೆಲಸಕ್ಕೂ ಹೋಗಬೇಕು. ಹಾಗೆ ಹಿಡಿದುಕೊಂಡಾಗಲೆಲ್ಲ ಅಮ್ಮ ಬಾಗಿಲ ಕಡೆಯೇ ನೋಡುತ್ತಿರುತ್ತಾಳೆ. ಯಾರ ದಾರಿ ಕಾಯುತ್ತಿದ್ದಾಳೆಂದು ನಾನು ಬಿಡಿಸಿ ಹೇಳಬೇಕೇ?

ನಿನ್ನ ಮದುವೆಯ ದಿನ ‘ಇನ್ನು ನಂಗೆ ಮುಖ ತೋರಿಸ್ಬೇಡ’ ಅಂದಳು, ನಿಜ. ನೀನೂ ಅವಳ ಮಗಳೇ, ಹಟ ಹಿಡಿದು ತೋರಿಸಲೇ ಇಲ್ಲ. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳೋಣವೆಂದರೆ ಈಗ ಅವಳಿಗೆ ಮಾತೇ ಇಲ್ಲ. ಇನ್ನೆಷ್ಟು ದಿನ ಎಂದು ಕೇಳಿದರೆ ಡಾಕ್ಟರು ‘ನೋಡೋಣಮ್ಮ’ ಅನ್ನುತ್ತಾರೆ, ನನ್ನ ಮುಖ ಮಾತ್ರ ನೋಡುವುದಿಲ್ಲ. ಬಾ ಅಕ್ಕ. ಭಾವನನ್ನೂ ಕರೆದುಕೊಂಡು ಬಾ.

ಎಲ್ಲಿ ಹೋದರೂ ನಿನ್ನ ಹಿಂದೆಯೇ ಬರುತ್ತಿದ್ದ,
ಬಾಲ

ಇನ್ನೊಂದು ಮಾತು: ಅಮ್ಮ ಬಾಗಿಲ ಕಡೆ ನೋಡುತ್ತಾಳೆ ಎಂದೆನಲ್ಲ, ಆ ಕಡೆ ತಿರುಗಿಸುವುದು ನಾನೇ. ಅವಳ ಮನಸ್ಸಿನಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಆದರೆ ಹಿತ್ತಾಳೆಯನ್ನು ಕಿತ್ತೆಸೆದ ಆ ಎಡಗೈ ನನ್ನ ಕೈಯನ್ನು ಇನ್ನೂ ತಳ್ಳಿಲ್ಲ. ಅಷ್ಟು ಸಾಲದೇ ಅಕ್ಕ?